ನಿಂತ ಗಾಡಿಯ ಬ್ರೇಕು

ಚೌತಿ ಹತ್ತಿರ ಬಂದಿತೆಂದರೆ ಜೋಗೇಶ್ವರಿಯ ಚಾಳುಗಳ ಮುಂದೆಯೂ ಸೊಸೈಟಿಗಳ ಅಂಗಳದಲ್ಲಿಯೂ ಒಂದೇ ಬಗೆಯ ಗಡಿಬಿಡಿ ಕಾಣಸಿಗುತ್ತದೆ. ಜೂನ್ ತಿಂಗಳ ಮೊದಲ ಮಳೆಗೆ ತಾಡಪಾಲು ಹೊದಿಸಿ ನಿಲ್ಲಿಸಿದ್ದ ಕಾರಿನ ತಾಡಪಾಲು ಕಳಚುತ್ತದೆ. ಬ್ಯಾಟರಿಗೆ ಚಾರ್ಜು, ಚಕ್ರಕ್ಕೆ ಗಾಳಿ, ಮುಂದಿನ ಗಾಜಿಗೆ ಒಂದು ತಂಬಿಗೆ ನೀರು, ಬಾನೆಟ್ಟಿಗೆ ಹೂವಿನ ಮಾಲೆ. ಮರುದಿನ ಕೋಳಿ ಕೂಗುವ ಮೊದಲೇ ಹೆಂಡತಿ, ಮಕ್ಕಳು, ಅತ್ತೆ, ಊರಿಗೆ ಒಯ್ಯುವ ಡಬ್ಬಗಳು, ಇಷ್ಟನ್ನೂ ಒಳಗೆ ತುಂಬಿಸಿಕೊಂಡು ನಮ್ಮ ಬಾಂಧವರು ಪನವೇಲ್ ದಾಟಿ ಕೊಂಕಣದ ದಾರಿ ಹಿಡಿಯುತ್ತಾರೆ. ಬ್ರೇಕನ್ನು ಯಾರಾದರೂ ನೋಡಿದರೇ ಎಂದು ಕೇಳಿದರೆ, "ಗಾಡಿ ನಿಂತೇ ಇತ್ತಲ್ಲ, ಬ್ರೇಕಿಗೇನಾಗುತ್ತದೆ?" ಎಂಬ ಉತ್ತರ ಬರುತ್ತದೆ. ಈ ಉತ್ತರ ಒಬ್ಬಿಬ್ಬರದಲ್ಲ, ಹೆಚ್ಚಿನವರದು. ಆದುದರಿಂದಲೇ ಇದನ್ನು ಬರೆಯಬೇಕಾಗಿ ಬಂದಿದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ದಿನಾ ಓಡುವ ಟ್ಯಾಕ್ಸಿಯ ಬ್ರೇಕಿಗಿಂತ ವರ್ಷಕ್ಕೆರಡು ಸಲ ಓಡುವ ಮನೆಯ ಕಾರಿನ ಬ್ರೇಕಿಗೇ ಹೆಚ್ಚು ಹೆದರಬೇಕು. ಟ್ಯಾಕ್ಸಿಯವನ ಪ್ಯಾಡು ಸವೆಯುತ್ತದೆ, ಕಿರುಗುಟ್ಟುತ್ತದೆ, ಅವನು ಬದಲಾಯಿಸುತ್ತಾನೆ. ನಿಂತ ಗಾಡಿ ಕೂಗುವುದಿಲ್ಲ. ಅದು ಕೂಗುವ ಹೊತ್ತಿಗೆ ನಾವು ಘಾಟಿಯ ನಡುವೆ ಇರುತ್ತೇವೆ.

ಹಿಂದೆ ನಮ್ಮವರಿಗೆ ಈ ಪ್ರಶ್ನೆಯೇ ಇರಲಿಲ್ಲ. ಊರಿಗೆ ಹೋಗಬೇಕಾದರೆ ಹಡಗು, ಆಮೇಲೆ ಬಸ್ಸು. ೧೯೯೮ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆದಾಗ ನಮ್ಮ ಜನರ ದೊಡ್ಡ ಕಷ್ಟವೊಂದು ಕಳೆಯಿತು. ಆದರೆ ಚೌತಿಗೂ ಮೇ ತಿಂಗಳ ರಜೆಗೂ ರೈಲಿನ ಟಿಕೇಟು ಸಿಗುವುದು ಎಷ್ಟು ಸುಲಭವೆಂದು ಓದುಗರಿಗೆ ನಾವು ಹೇಳಬೇಕಾಗಿಲ್ಲ. ಹೀಗಾಗಿ ಹೊಟೇಲಿನಲ್ಲಿ ದುಡಿದವನೂ, ಗಿರಣಿಯವನ ಮಗನೂ ನಾಲ್ಕು ಕಾಸು ಕೂಡಿಸಿ, ಉಳಿದುದಕ್ಕೆ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಳ್ಳುತ್ತಿದ್ದಾನೆ. ಇದನ್ನು ಆಡಂಬರವೆಂದು ಹಳಿಯುವವರ ಸಾಲಿನಲ್ಲಿ ನಾವಿಲ್ಲ. ತಟ್ಟೆ ತೊಳೆದು ಬೆಳೆದವನು ಸ್ವಂತ ಕಾರಿನಲ್ಲಿ ಊರಿನ ದೇವಸ್ಥಾನದ ಮುಂದೆ ಇಳಿಯಬಾರದೆಂದು ಯಾವ ಶಾಸ್ತ್ರದಲ್ಲಿದೆ? ಆದರೆ ಮುಂಬಯಿಯಲ್ಲಿ ಕೆಲಸಕ್ಕೆ ಹೋಗಲು ಲೋಕಲ್ ರೈಲು ಇದೆ, ಬಸ್ಸು ಇದೆ. ಕಾರು ಉಳಿದ ಹತ್ತು ತಿಂಗಳು ಗೋಡೆಯ ಪಕ್ಕದಲ್ಲಿ ನಿಂತಿರುತ್ತದೆ. ಕೇಡು ಇರುವುದು ಆ ನಿಲ್ಲುವಿಕೆಯಲ್ಲಿ.

ಏನು ಕೆಡುತ್ತದೆಂದು ಹೊಟೇಲಿನ ಬಂಧುಗಳಿಗೆ ತಿಳಿಸುವುದು ಸುಲಭ. ಈಗಿನ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಎರಡು ಚಕ್ರಗಳಿಗೆ ಡಿಸ್ಕು, ಹಿಂದಿನ ಎರಡಕ್ಕೆ ಡ್ರಮ್ಮು. ಡಿಸ್ಕು ಎಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ. ಬ್ರೇಕು ಒತ್ತಿದಾಗ ಎರಡು ಪ್ಯಾಡುಗಳು ಅದನ್ನು ಇಕ್ಕಳದಂತೆ ಎರಡೂ ಕಡೆಯಿಂದ ಹಿಡಿಯುತ್ತವೆ. ಆ ತಟ್ಟೆ ದೋಸೆಯ ಕಾವಲಿಯಂತೆಯೇ ಎರಕದ ಕಬ್ಬಿಣದ್ದು. ದಿನಾ ಬೆಂಕಿಯ ಮೇಲಿರುವ ಕಾವಲಿ ಕನ್ನಡಿಯಂತೆ ಹೊಳೆಯುತ್ತದೆ. ಅದನ್ನೇ ತೊಳೆದು ಒರೆಸದೆ ಮಳೆಗಾಲದಲ್ಲಿ ಎಂಟು ದಿನ ಮೂಲೆಗಿಟ್ಟರೆ ಕೆಂಪಗಾಗುತ್ತದೆ. ಡಿಸ್ಕಿನ ಕತೆಯೂ ಅದೇ. ಒಂದು ಮಾತ್ರ ಬೇರೆ: ಕಾವಲಿಯನ್ನು ಉಳಿಸಲು ಎಣ್ಣೆ ಸವರುತ್ತೇವೆ, ಡಿಸ್ಕಿಗೆ ಎಣ್ಣೆಯ ಒಂದು ಹನಿಯೂ ತಾಗಬಾರದು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಗಿರಣಿಯ ಹಿರಿಯರಿಗೂ ಇದು ಹೊಸತಲ್ಲ. ನೂಲು ಕಡಿಯದಿರಲೆಂದು ನೂಲುವ ಖಾತೆಯಲ್ಲಿ ಗಾಳಿಯನ್ನು ಬೇಕೆಂದೇ ತೇವವಾಗಿ ಇಡುತ್ತಿದ್ದರು. ಆ ತೇವದಲ್ಲಿಯೂ ಓಡುವ ಯಂತ್ರ ಓಡುತ್ತಲೇ ಇತ್ತು, ಯಾಕೆಂದರೆ ಅದರ ಮೈ ಮುಟ್ಟುವ ಕೈ ಇತ್ತು. ೧೯೮೨ರ ಜನವರಿ ೧೮ರಂದು ಮುಷ್ಕರ ಆರಂಭವಾಗಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ನಿಂತಾಗ ಒಳಗಿನ ಯಂತ್ರಗಳೂ ನಿಂತವು. ಆ ಮುಷ್ಕರದ ಸರಿತಪ್ಪು ಇಲ್ಲಿ ನಮ್ಮ ವಿಷಯವಲ್ಲ. ಕೈ ಬಿಟ್ಟ ಕಬ್ಬಿಣ ಏನಾಗುತ್ತದೆಂದು ಗಿರಣಗಾಂವ್‌ನ ಜನಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದಷ್ಟೇ ನಮ್ಮ ಮಾತು.

ಇನ್ನು ಜೋಗೇಶ್ವರಿಯ ಹವೆ. ಮುಂಬಯಿಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗಿನ ನಾಲ್ಕು ತಿಂಗಳಲ್ಲಿಯೇ ಬೀಳುತ್ತದೆ. ಪಶ್ಚಿಮಕ್ಕೆ ವರ್ಸೋವಾದ ಸಮುದ್ರ ಹತ್ತಿರ, ಗಾಳಿಯಲ್ಲಿ ಉಪ್ಪು. ಕಬ್ಬಿಣಕ್ಕೆ ನೀರು ಮತ್ತು ಗಾಳಿ ಎರಡೂ ತಾಗಿದರೆ ತುಕ್ಕು, ಉಪ್ಪು ಸೇರಿದರೆ ಅದು ಇನ್ನೂ ಬೇಗ. ತುಕ್ಕು ಸಡಿಲಾದ ಪುಡಿಯಂಥದು. ಸ್ಪಂಜಿನಂತೆ ತೇವವನ್ನು ಹಿಡಿದಿಟ್ಟುಕೊಂಡು ಒಳಗಿನ ಕಬ್ಬಿಣವನ್ನು ಮತ್ತೆ ತಿನ್ನುತ್ತದೆ. ಮೇಲಾಗಿ ತಗ್ಗಿನಲ್ಲಿ ನಿಂತ ಗಾಡಿಗೆ ಮಳೆಯ ನೀರೇ ಚಕ್ರದ ಮಟ್ಟಕ್ಕೆ ಬರುತ್ತದೆ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ ೯೪೪ ಮಿಲಿಮೀಟರ್ ಮಳೆ ದಾಖಲಾದಾಗ ನಮ್ಮ ಉಪನಗರಗಳಲ್ಲಿ ಎಷ್ಟು ಗಾಡಿಗಳು ಮುಳುಗಿದುವೆಂದು ಕಂಡವರು ಈಗಲೂ ಹೇಳುತ್ತಾರೆ. ಅಂಥ ನೀರಿನಲ್ಲಿ ನಿಂತ ಗಾಡಿಯ ಬ್ರೇಕನ್ನು ಬಿಚ್ಚಿ ನೋಡದೆ ಓಡಿಸತಕ್ಕದ್ದೇ ಅಲ್ಲ.

ಹಾಗೆಂದು ಕೆಂಪು ಕಂಡ ಕೂಡಲೇ ಹೆದರಿ ಗ್ಯಾರೇಜಿಗೆ ಓಡಬೇಕಾಗಿಲ್ಲ. ಒಂದು ರಾತ್ರಿಯ ಮಳೆಗೋ, ಗಾಡಿ ತೊಳೆದ ನೀರಿಗೋ ಡಿಸ್ಕಿನ ಮೇಲೆ ಕಿತ್ತಳೆ ಬಣ್ಣದ ತೆಳ್ಳಗಿನ ಪೊರೆ ಮೂಡುತ್ತದೆ. ಹತ್ತು ಮಾರು ಓಡಿಸಿ ನಾಲ್ಕು ಸಲ ಮೆಲ್ಲಗೆ ಬ್ರೇಕು ಒತ್ತಿದರೆ ಪ್ಯಾಡುಗಳೇ ಅದನ್ನು ಉಜ್ಜಿ ತೆಗೆಯುತ್ತವೆ. ಮೊದಲು ಕರಕರ ಸದ್ದು, ಆಮೇಲೆ ಮೌನ. ಇಂಥ ಪೊರೆಯನ್ನು ತೋರಿಸಿ "ಡಿಸ್ಕು ಹೋಗಿದೆ, ಎರಡೂ ಬದಲಾಯಿಸಬೇಕು" ಎಂದು ಹೇಳುವ ಗ್ಯಾರೇಜಿನವರು ಇದ್ದಾರೆ. ಬಡವನ ಭಯವೇ ಅವರ ಬಂಡವಾಳ. ಅವರ ಮಾತಿಗೆ ಒಂದು ದಿನದ ಸಂಬಳವನ್ನೂ ಕೊಡಬೇಡಿರಿ.

ನಿಜವಾದ ಕೇಡು ಬೇರೆ ಕಡೆ ಇದೆ. ಗಾಡಿ ತಿಂಗಳುಗಟ್ಟಲೆ ನಿಂತಾಗ ಪ್ಯಾಡು ಮತ್ತು ಡಿಸ್ಕಿನ ಸಂದಿನಲ್ಲಿ ಸಿಕ್ಕಿದ ನೀರು ಆರುವುದಿಲ್ಲ. ಆ ಜಾಗದಲ್ಲಿ ಪ್ಯಾಡಿನ ಆಕಾರದ್ದೇ ಮಚ್ಚೆ ಬೀಳುತ್ತದೆ. ಕೆಲವೊಮ್ಮೆ ಪ್ಯಾಡು ಡಿಸ್ಕಿಗೆ ಅಂಟಿಯೇ ಬಿಡುತ್ತದೆ. ಗಾಡಿ ಕದಲದಿದ್ದಾಗ ಸಿಟ್ಟಿನಿಂದ ಎಕ್ಸಲರೇಟರ್ ತುಳಿದರೆ "ಟಕ್" ಎಂದು ಬಿಡಿಸಿಕೊಂಡು ಹೊರಡುತ್ತದೆ, ನಾವು ಗೆದ್ದೆವೆಂದುಕೊಳ್ಳುತ್ತೇವೆ. ಆದರೆ ಆಗ ಪ್ಯಾಡಿನ ಉಜ್ಜುವ ಪದರವೇ ಬೆನ್ನಿನ ತಗಡಿನಿಂದ ಕಿತ್ತು ಬಂದಿರಲೂಬಹುದು. ಹಿಂದಿನ ಡ್ರಮ್ಮಿನಲ್ಲಿ ಇದು ಇನ್ನೂ ಸಾಮಾನ್ಯ, ಯಾಕೆಂದರೆ ಹ್ಯಾಂಡ್ ಬ್ರೇಕು ಎಳೆದೇ ನಿಲ್ಲಿಸುವುದು ನಮ್ಮ ಅಭ್ಯಾಸ. ಎಳೆದ ಹ್ಯಾಂಡ್ ಬ್ರೇಕು ಮಳೆಗಾಲವಿಡೀ ಹಾಗೆಯೇ ಇದ್ದರೆ ಒಳಗಿನ ಶೂಗಳು ಡ್ರಮ್ಮನ್ನು ಕಚ್ಚಿಕೊಳ್ಳುತ್ತವೆ, ತಂತಿಯೂ ತುಕ್ಕು ಹಿಡಿಯುತ್ತದೆ.

ಎರಡನೆಯದು ಕ್ಯಾಲಿಪರ್, ಅಂದರೆ ಪ್ಯಾಡನ್ನು ಒತ್ತುವ ಇಕ್ಕಳ. ಅದು ಜಾರುವ ಪಿನ್ನುಗಳಿಗೆ ರಬ್ಬರಿನ ಟೊಪ್ಪಿ ಇರುತ್ತದೆ. ರಬ್ಬರು ಹರಿದರೆ ನೀರು ಒಳನುಗ್ಗಿ ಪಿನ್ನು ಹಿಡಿದುಕೊಳ್ಳುತ್ತದೆ. ಆಗ ಒಂದು ಚಕ್ರ ಬ್ರೇಕು ಹಿಡಿದೇ ಇರುತ್ತದೆ, ಇನ್ನೊಂದು ಅರೆಬರೆ ಹಿಡಿಯುತ್ತದೆ. ಸಪಾಟಾದ ರಸ್ತೆಯಲ್ಲಿ ಇದು ಗೊತ್ತಾಗದೆ ಹೋಗಬಹುದು. ಮಳೆಯಲ್ಲಿ ಜೋರಾಗಿ ಒತ್ತಿದಾಗ ಗಾಡಿ ಒಂದು ಕಡೆಗೆ ವಾಲುತ್ತದೆ.

ಮೂರನೆಯದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ಬ್ರೇಕ್ ಆಯಿಲ್. ಹೆಸರು ಆಯಿಲ್ ಎಂದಿದ್ದರೂ ಅದು ಎಣ್ಣೆಯಲ್ಲ, ಗಾಳಿಯ ತೇವವನ್ನು ಹೀರುವ ದ್ರವ. ಗಾಡಿ ಓಡಲಿ ನಿಲ್ಲಲಿ, ಅದು ಹೀರುತ್ತಲೇ ಇರುತ್ತದೆ. ಡಾಟ್ ೩ ಎಂಬ ದರ್ಜೆಯ ಹೊಸ ಆಯಿಲ್ ೨೦೫ ಡಿಗ್ರಿ ಸೆಲ್ಸಿಯಸ್‌ಗೆ ಮೊದಲು ಕುದಿಯಬಾರದೆಂದು ನಿಯಮ. ನೀರು ಹೀರಿದ ಮೇಲೆ ಆ ಮಿತಿ ೧೪೦ಕ್ಕೆ ಇಳಿಯುತ್ತದೆ. ಡಾಟ್ ೪ರಲ್ಲಿ ೨೩೦ ಮತ್ತು ೧೫೫. ಇಳಿಜಾರಿನಲ್ಲಿ ಬ್ರೇಕನ್ನು ತುಳಿದೇ ಇಟ್ಟರೆ ಡಿಸ್ಕು ಕಾಯುತ್ತದೆ, ಆ ಶಾಖ ಆಯಿಲಿಗೆ ತಾಗುತ್ತದೆ. ಆಯಿಲ್ ಕುದಿದು ಆವಿಯ ಗುಳ್ಳೆಯೆದ್ದರೆ ಪೆಡಲು ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ, ಚಕ್ರ ಮಾತ್ರ ನಿಲ್ಲುವುದಿಲ್ಲ. ಪೋಲಾದಪುರ ದಾಟಿದ ಮೇಲಿನ ಕಶೇಡಿಯಲ್ಲಿ ಈಗ ಸುರಂಗವಾಗಿ ಹಳೆಯ ಘಾಟಿಯ ತಿರುವುಗಳು ತಪ್ಪಿವೆ, ನಿಜ. ಆದರೆ ಚಿಪಳೂಣಕ್ಕೆ ಮೊದಲು ಪರಶುರಾಮ ಘಾಟಿ ಇದೆ. ಬೆಳಗಾವಿಯ ಮೇಲಿಂದ ಹೋಗುವವರಿಗೆ ಖಂಬಾಟ್ಕಿ ಇದೆ, ಹುಬ್ಬಳ್ಳಿಯಿಂದ ಕರಾವಳಿಗೆ ಇಳಿಯುವವರಿಗೆ ಅರಬೈಲು ಘಾಟಿ ಇದೆ. ಐದು ಜನ, ಮೇಲೆ ಸಾಮಾನು, ಎರಡು ಮಳೆಗಾಲ ಕಂಡ ಬ್ರೇಕ್ ಆಯಿಲ್: ಈ ಲೆಕ್ಕವನ್ನು ಮನೆಯ ಯಜಮಾನನೇ ಮಾಡಿ ನೋಡಲಿ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸುವ ಖರ್ಚು ಊರಿಗೆ ಒಯ್ಯುವ ಸಿಹಿತಿಂಡಿಯ ಖರ್ಚಿಗಿಂತ ದೊಡ್ಡದಲ್ಲ.

ಇಲ್ಲಿಯೇ ಇನ್ನೊಂದು ಕೆಟ್ಟ ಚಾಳಿಯನ್ನು ಹೇಳಬೇಕು. ಪೆಟ್ರೋಲು ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ ಬಿಡುವವರು ಈಗಲೂ ಇದ್ದಾರೆ. ಬ್ರೇಕು ಕಾಲಿಗೆ ಹಗುರವಾಗಿರುವುದು ಎಂಜಿನಿನ ಬಲದಿಂದ. ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ಒತ್ತಿದೊಡನೆ ಪೆಡಲು ಕಲ್ಲಿನಂತಾಗುತ್ತದೆ. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಡ್ರೈವರುಗಳ ಮಾತೇ ಸರಿ.

ಹಾಗಾದರೆ ಮಾಡತಕ್ಕದ್ದೇನು? ಹೊರಡುವ ಹಿಂದಿನ ದಿನವಲ್ಲ, ಕಡಿಮೆಯೆಂದರೆ ಹದಿನೈದು ದಿನ ಮೊದಲು ತಾಡಪಾಲು ತೆಗೆಯಿರಿ. ಚಕ್ರದ ಸಂದಿನಿಂದ ಟಾರ್ಚು ಬಿಟ್ಟು ಡಿಸ್ಕನ್ನು ನೋಡಿರಿ. ಹ್ಯಾಂಡ್ ಬ್ರೇಕು ಬಿಟ್ಟು, ಸಪಾಟು ಜಾಗದಲ್ಲಿ ಇಬ್ಬರು ಸೇರಿ ಗಾಡಿಯನ್ನು ಕೈಯಿಂದ ತಳ್ಳಿರಿ. ಉರುಳಿದರೆ ಸರಿ, ಉರುಳದಿದ್ದರೆ ಎಂಜಿನಿನ ಜೋರು ತೋರಿಸದೆ ಮೆಕ್ಯಾನಿಕನನ್ನು ಕರೆಯಿರಿ. ಹೊರಡುವ ಮೊದಲು ನಿಂತಲ್ಲೇ ಪೆಡಲು ಒತ್ತಿ ಹಿಡಿದು ನೋಡಿರಿ. ಅದು ಮೆಲ್ಲಗೆ ಕೆಳಗಿಳಿಯುತ್ತಿದ್ದರೆ ಗಾಡಿ ಅಲ್ಲಿಂದ ಕದಲಬಾರದು. ಆಮೇಲೆ ಜನವಿಲ್ಲದ ಹೊತ್ತಿನಲ್ಲಿ, ಹಿಂದೆ ಯಾರೂ ಇಲ್ಲದಾಗ, ಮೂವತ್ತು ಕಿಲೋಮೀಟರ್ ವೇಗದಿಂದ ಮೆಲ್ಲಗೆ ಒತ್ತಿ ಬಿಡುವುದನ್ನು ಎಂಟು ಹತ್ತು ಸಲ ಮಾಡಿರಿ. ಸದ್ದು ಕಡಿಮೆಯಾಗುತ್ತಾ ಹೋಗಬೇಕು. ಹೋಗದಿದ್ದರೆ, ಪೆಡಲು ಕಾಲಿನ ಕೆಳಗೆ ಮಿಡಿದರೆ, ಸ್ಟಿಯರಿಂಗ್ ಒಂದು ಕಡೆಗೆ ಎಳೆದರೆ, ಅಥವಾ ಮನೆಗೆ ಬಂದ ಮೇಲೆ ಒಂದೇ ಚಕ್ರದಿಂದ ಸುಟ್ಟ ವಾಸನೆ ಬಂದರೆ, ಅದು ಮೇಲಿನ ಪೊರೆಯ ಮಾತಲ್ಲ. ಗಾಡಿ ಬಿಚ್ಚಬೇಕು.

ಬಿಚ್ಚಿದಾಗ ಪಕ್ಕದಲ್ಲಿ ನಿಂತು ನೋಡುವುದಕ್ಕೆ ನಾಚಬೇಡಿರಿ. ಡಿಸ್ಕಿನ ಮೇಲೆ ಬೆರಳಿನ ಉಗುರಿಗೆ ಸಿಕ್ಕುವ ಗುಳಿಗಳಿವೆಯೇ, ಅಂಚಿನಲ್ಲಿ ತುಟಿಯಂತೆ ಏರು ನಿಂತಿದೆಯೇ ಎಂದು ನೋಡಬೇಕು. ಡಿಸ್ಕು ಇದಕ್ಕಿಂತ ತೆಳ್ಳಗಾಗಬಾರದೆಂಬ ಮಿತಿಯನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ, ಇಲ್ಲವೇ ಗಾಡಿಯ ಪುಸ್ತಕದಲ್ಲಿ ಕೊಟ್ಟಿರುತ್ತಾರೆ. ಮೆಕ್ಯಾನಿಕನು ಅಳೆದು ತೋರಿಸಲಿ. ಮಿತಿಗಿಂತ ದಪ್ಪವಿದ್ದು ಗುಳಿ ಆಳವಿಲ್ಲದಿದ್ದರೆ ಲೇತಿನಲ್ಲಿ ಹೊಡೆಸಿ ಸಪಾಟು ಮಾಡಿಸಬಹುದು. ಇಲ್ಲವಾದರೆ ಹೊಸದೇ ಆಗಬೇಕು, ಎಡಬಲ ಎರಡೂ ಒಟ್ಟಿಗೆ, ಪ್ಯಾಡುಗಳ ಸಮೇತ. ಒಂದನ್ನೇ ಬದಲಾಯಿಸಿ ಅರ್ಧ ಹಣ ಉಳಿಸಿದೆನೆನ್ನುವವನು ಎಡಗಾಲಿಗೆ ಹೊಸ ಚಪ್ಪಲಿ, ಬಲಗಾಲಿಗೆ ಹಳೆಯದು ಹಾಕಿ ಘಾಟಿ ಇಳಿದಂತೆ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಇನ್ನೂರು ಮುನ್ನೂರು ಕಿಲೋಮೀಟರಿನ ಮೆಲುವಾದ ಓಟ ಬೇಕು. ಹದಿನೈದು ದಿನ ಮೊದಲು ಎಂದು ನಾವು ಹೇಳಿದುದು ಇದಕ್ಕಾಗಿ.

ಎಣ್ಣೆಯ ಮಾತಿಗೆ ಬರೋಣ. ತುಕ್ಕು ಕಂಡಲ್ಲಿ ಸೀಮೆಎಣ್ಣೆಯನ್ನೋ ಡೀಸೆಲನ್ನೋ ಹಚ್ಚುವುದು ನಮ್ಮ ಕೈಗಳಿಗೆ ರೂಢಿಯಾದ ಕೆಲಸ. ಕೀಲಿಗೆ, ಸರಪಳಿಗೆ, ಬಾಗಿಲ ಬಿಜಾಗರಿಗೆ ಅದು ಸರಿ. ಡಿಸ್ಕಿಗೆ ಹಚ್ಚಿದರೆ ಪ್ಯಾಡು ಅದನ್ನು ಕುಡಿದು ಜಾರುತ್ತದೆ, ಮತ್ತೆ ಎಷ್ಟು ಉಜ್ಜಿದರೂ ಸರಿಹೋಗದೆ ಎಸೆಯಬೇಕಾಗುತ್ತದೆ. ತುಕ್ಕು ಬಿಡಿಸಲೆಂದು ಡಬ್ಬಿಯಲ್ಲಿ ಮಾರುವ ಸ್ಪ್ರೇಗೂ ಇದೇ ಮಾತು. ಕ್ಯಾಲಿಪರಿನ ಪಿನ್ನಿಗೆ ಹಾಕುವ ಗ್ರೀಸು ಕೂಡ ಬ್ರೇಕಿಗೆಂದೇ ಮಾಡಿದ್ದಾಗಿರಬೇಕು. ಸಾಧಾರಣ ಗ್ರೀಸಿಗೆ ರಬ್ಬರು ಉಬ್ಬಿ ಕೆಡುತ್ತದೆ. ಇನ್ನೊಂದು, ಬಿಚ್ಚಿದ ಬ್ರೇಕಿನ ಕರಿಧೂಳನ್ನು ಬಾಯಿಯಿಂದ ಊದಿ ಹಾರಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಹಳೆಯ ಬ್ರೇಕುಗಳ ಲೈನಿಂಗಿನಲ್ಲಿ ಕಲ್ನಾರು ಸೇರಿರುತ್ತಿತ್ತು. ಮುಂದಿರುವ ಪ್ಯಾಡು ಯಾವ ಜಾತಿಯದೆಂದು ಕಣ್ಣಿನಿಂದ ಹೇಳಲಾಗದು. ಹತ್ತಿಯ ಧೂಳು ಎದೆಗೂಡಿಗೆ ಏನು ಮಾಡುತ್ತದೆಂದು ಕಂಡ ನಮ್ಮ ಜನ ಈ ಧೂಳನ್ನೂ ಹಗುರವಾಗಿ ಎಣಿಸಬಾರದು. ಗ್ಯಾರೇಜಿನ ಹುಡುಗನಿಗೂ ಅದನ್ನು ಹೇಳಿರಿ; ಅವನೂ ಕಾರ್ಮಿಕನೇ.

ಬರದಂತೆ ತಡೆಯುವುದು ಇದೆಲ್ಲಕ್ಕಿಂತ ಸುಲಭ. ವಾರಕ್ಕೊಮ್ಮೆ ಗಾಡಿಯನ್ನು ಹೊರಗೆ ತೆಗೆಯಿರಿ. ನಿಂತಲ್ಲಿಯೇ ಎಂಜಿನ್ ಚಾಲು ಮಾಡಿ ಕುಳಿತರೆ ಬ್ಯಾಟರಿಗಷ್ಟು ಉಪಕಾರವಾದೀತು, ಬ್ರೇಕಿಗೇನೂ ಇಲ್ಲ. ವಿಕ್ರೋಳಿ ಲಿಂಕ್ ರಸ್ತೆಯಲ್ಲಿ ಪೊವಾಯಿಯವರೆಗೆ ಬೆಳಗಿನ ಆರು ಗಂಟೆಯೊಳಗೆ ಹೋಗಿ ಬಂದರೆ ಸಾಕು. ಬ್ರೇಕಿನ ಶಾಖಕ್ಕೆ ತೇವ ಆರುತ್ತದೆ, ಉಜ್ಜಿಗೆ ತುಕ್ಕು ಹೋಗುತ್ತದೆ. ಗಾಡಿ ತೊಳೆದ ಮೇಲೂ ಹಾಗೆಯೇ ನಿಲ್ಲಿಸದೆ ಒಂದು ಸುತ್ತು ಓಡಿಸಿ ಒಣಗಿಸಬೇಕು. ದೀರ್ಘ ಕಾಲ ನಿಲ್ಲಿಸುವುದಾದರೆ ಸಪಾಟು ಜಾಗದಲ್ಲಿ ಗೇರಿನಲ್ಲಿಟ್ಟು, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕು ಬಿಡಿರಿ. ಗಾಳಿಯಾಡದ ಪ್ಲಾಸ್ಟಿಕ್ ತಾಡಪಾಲನ್ನು ನೆಲದವರೆಗೆ ಬಿಗಿದರೆ ಕೆಳಗಿನ ತೇವ ಒಳಗೇ ಉಳಿಯುತ್ತದೆ. ಅದಕ್ಕಿಂತ ಬರಿಮೈಯೇ ವಾಸಿ. ೨೦೨೦ರ ಮಾರ್ಚ್ ೨೫ರಿಂದ ದೇಶವೇ ಬಾಗಿಲು ಹಾಕಿದಾಗ ಗಾಡಿ ಹೊರತೆಗೆಯಲು ಅಪ್ಪಣೆಯಿರಲಿಲ್ಲ, ಅದರ ಮೇಲೆ ಮಳೆಗಾಲವೂ ಬಂತು. ಅದು ಯಾರ ಕೈಯಲ್ಲೂ ಇರಲಿಲ್ಲ. ಈಗ ಆ ನೆವವಿಲ್ಲ.

ಮೋಟಾರ್ ಸೈಕಲು, ಸ್ಕೂಟರುಗಳ ಬಗ್ಗೆ ಎರಡು ಮಾತು. ಇವುಗಳ ಡಿಸ್ಕು ಹೆಚ್ಚಾಗಿ ತುಕ್ಕು ಸುಲಭವಾಗಿ ಹಿಡಿಯದ ಉಕ್ಕಿನದು. ಅದು ಹೊಳೆಯುತ್ತಿರುತ್ತದೆ, ನಾವು ಮೋಸ ಹೋಗುತ್ತೇವೆ. ಇಕ್ಕಳದ ಪಿಸ್ಟನ್ನು ಮಾತ್ರ ಹಿಡಿದಿರುತ್ತದೆ. ಎರಡು ತಿಂಗಳು ಊರಿನಲ್ಲಿದ್ದು ಬಂದವನು ಮೊದಲ ರಾತ್ರಿಪಾಳಿಗೆ ಹೊರಡುವ ಮುನ್ನ ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿ ನೋಡಲಿ.

ಇಷ್ಟು ಹೊತ್ತು ಸ್ವಂತ ಗಾಡಿಯ ಮಾತಾಯಿತು. ಹೊಟೇಲಿನ ಧಣಿಗಳ ಗಾಡಿಯ ಮಾತೂ ಇದೆ. ಎಷ್ಟೋ ಕಡೆ ಮದುವೆಯ ಆರ್ಡರು ಬಂದಾಗ ಮಾತ್ರ ಹೊರಡುವ ಹಳೆಯ ಟೆಂಪೊ ಒಂದು ಹಿತ್ತಿಲಿನಲ್ಲಿ ನಿಂತಿರುತ್ತದೆ. ಕರೆ ಬಂದ ಹೊತ್ತಿಗೆ, ಲೈಸೆನ್ಸ್ ಇರುವ ಯಾವನಾದರೊಬ್ಬ ಹುಡುಗನ ಕೈಗೆ ಕೀಲಿ ಬೀಳುತ್ತದೆ. ಹಿಂದೆ ಸಾಂಬಾರಿನ ಹಂಡೆ, ಹಂಡೆಯ ಪಕ್ಕದಲ್ಲಿ ಇಬ್ಬರು ಬಡಿಸುವ ಹುಡುಗರು. ಬ್ರೇಕು ಸರಿಯಿಲ್ಲ ಎಂದರೆ, "ನಿಧಾನಕ್ಕೆ ಹೋಗು ಮಾರಾಯ" ಎಂಬ ಉಪದೇಶ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೯೦ನೆಯ ಕಲಮು ಇಲ್ಲಿ ಸ್ಪಷ್ಟವಾಗಿದೆ. ಅಪಾಯ ತರುವಂಥ ದೋಷವುಳ್ಳ ಗಾಡಿಯನ್ನು, ಆ ದೋಷ ಗೊತ್ತಿದ್ದು ಅಥವಾ ಸಾಧಾರಣ ಎಚ್ಚರಿಕೆಯಿಂದ ಗೊತ್ತಾಗಬಹುದಾಗಿದ್ದು, ಸಾರ್ವಜನಿಕ ಸ್ಥಳದಲ್ಲಿ ಓಡಿಸುವವನೂ ಶಿಕ್ಷಾರ್ಹ, ಓಡಿಸಲು ಹಚ್ಚುವವನೂ ಬಿಡುವವನೂ ಶಿಕ್ಷಾರ್ಹ. ಅಂದರೆ ಧಣಿ ಹೇಳಿದರೆಂಬುದು ಹುಡುಗನಿಗೆ ರಕ್ಷೆಯಲ್ಲ, ನಾನು ಓಡಿಸಲಿಲ್ಲವೆಂಬುದು ಧಣಿಗೂ ರಕ್ಷೆಯಲ್ಲ. ಓಡಿಸಲು ಒಲ್ಲೆನೆಂದ ಹುಡುಗನನ್ನು ಸೋಮಾರಿಯೆಂದು ಬೈಯುವವರು ಮೊದಲು ಚಕ್ರ ಬಿಚ್ಚಿಸಿ ನೋಡಲಿ. ಆ ಖರ್ಚು ಗಾಡಿಯ ಒಡೆಯನದು, ಹುಡುಗನ ಸಂಬಳದ್ದಲ್ಲ.

ಕೆಲವರು ನಮ್ಮನ್ನು ಕೇಳಿಯಾರು: ಇಷ್ಟೆಲ್ಲ ರಗಳೆಯಾದರೆ ಕಾರು ಯಾಕೆ ಬೇಕು, ಬಾಡಿಗೆಗೆ ಹಿಡಿದರಾಗದೇ? ವಾರಕ್ಕೊಮ್ಮೆ ಅರ್ಧ ಗಂಟೆ ಕೊಡಲಾಗದವನಿಗೆ ಅದೇ ಸರಿ ಎಂದು ನಾವೂ ಹೇಳುತ್ತೇವೆ. ಮಾರಿ ಸಾಲ ತೀರಿಸಲಿ. ಆದರೆ ಇನ್ನೊಂದು ದಾರಿಯೂ ಇದೆ. ಒಂದೇ ಚಾಳಿನಲ್ಲಿ ನಾಲ್ಕು ಗಾಡಿಗಳು ನಿಂತಿದ್ದರೆ, ವಾರದ ರಜೆ ಒಬ್ಬನಿಗೆ ಮಂಗಳವಾರ, ಇನ್ನೊಬ್ಬನಿಗೆ ಗುರುವಾರ. ಲೈಸೆನ್ಸ್ ಉಳ್ಳವನು, ಇನ್ಶೂರೆನ್ಸಿನ ಕಾಗದ ಸರಿಯಿದೆಯೆಂದು ನೋಡಿಕೊಂಡು, ನೆರೆಯವನ ಗಾಡಿಯನ್ನೂ ಒಂದು ಸುತ್ತು ಒಯ್ದು ತಂದರೆ ಯಾರ ಬ್ರೇಕೂ ತುಕ್ಕು ಹಿಡಿಯುವುದಿಲ್ಲ. ಕೀಲಿ ಕೊಡುವಷ್ಟು ನಂಬಿಕೆ ನಮ್ಮೊಳಗೆ ಇದೆಯೆಂದು ನಾವು ಎಣಿಸುತ್ತೇವೆ.

ಸಂಘದ ಮುಂದೆಯೂ ಒಂದು ಸಲಹೆಯನ್ನು ಇಡುತ್ತೇವೆ. ನಮ್ಮವರಲ್ಲಿ ಡ್ರೈವರುಗಳಿದ್ದಾರೆ, ಗ್ಯಾರೇಜಿನಲ್ಲಿ ದುಡಿಯುವವರಿದ್ದಾರೆ, ಗಿರಣಿಯ ಫಿಟ್ಟರಾಗಿದ್ದ ಹಿರಿಯರಿದ್ದಾರೆ. ಚೌತಿಗೆ ಮೂರು ವಾರವಿರುವ ಒಂದು ಭಾನುವಾರ ಜೋಗೇಶ್ವರಿಯಲ್ಲಿಯೇ ಒಂದು ಅಂಗಳ ಗೊತ್ತುಮಾಡಿ, ಊರಿಗೆ ಹೊರಡುವ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಚಕ್ರ ಎತ್ತಿ ನೋಡುವ ಏರ್ಪಾಡು ಮಾಡಬಹುದು. ಎರಡು ಜ್ಯಾಕು, ನಾಲ್ಕು ಗಟ್ಟಿ ಸ್ಟ್ಯಾಂಡು, ದಪ್ಪ ಅಳೆಯುವ ಒಂದು ಮಾಪಕ, ಟಾರ್ಚು, ಇಷ್ಟಿದ್ದರೆ ಸಾಕು. ಚಹಾ ತಿಂಡಿಯ ಏರ್ಪಾಡಿಗೆ ನಮ್ಮಲ್ಲಿ ಎಂದೂ ಜನ ಕಡಿಮೆಯಾದದ್ದಿಲ್ಲ.